ಅಂಗಡಿಯ ದಾರಿ, ಆಸ್ಪತ್ರೆಯ ದಾರಿ



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ರಾತ್ರಿ ಹತ್ತರ ಮೇಲೆ ದೂರವಾಣಿ ಮಾಡಿದ. ಕುಶಲ ಪ್ರಶ್ನೆಗಳೆಲ್ಲ ಮುಗಿದವು. ಆದರೂ ಅವನು ಮಾತು ಮುಗಿಸುವಂತೆ ಕಾಣಲಿಲ್ಲ. ಕೊನೆಗೆ ದನಿ ತಗ್ಗಿಸಿ, "ಸರ್, ನಮ್ಮಣ್ಣನ್ನ ಕುಡಿತ ಬಿಡ್ಸೋ ಕಡೆ ಸೇರಿಸಬೇಕು. ಎಲ್ಲಿ ಸೇರಿಸೋದು, ಎಷ್ಟು ಖರ್ಚಾಗುತ್ತೆ, ಒಂದೂ ಗೊತ್ತಾಗ್ತಿಲ್ಲ. ಊರಲ್ಲಿ ಕೇಳೋಣ ಅಂದ್ರೆ ಸುದ್ದಿಯಾಗುತ್ತೆ" ಎಂದ.

ಈ ಪ್ರಶ್ನೆಯನ್ನು ನಾನು ಕೇಳಿದ್ದು ಇದೇ ಮೊದಲಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿಯೊಬ್ಬರ ಹೆಂಡತಿ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಇದನ್ನೇ ಕೇಳಿದ್ದರು. ಅಂದು ನನ್ನ ಬಳಿ ಉತ್ತರವಿರಲಿಲ್ಲ. ಇಂದಿನ ಬರಹಕ್ಕೆ ಆ ಪ್ರಶ್ನೆಯೇ ಕಾರಣ. ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವನಿಗೆ ಯಾವ ವಿಷಯವನ್ನಾದರೂ ಚರಿತ್ರೆಯಿಂದ ಆರಂಭಿಸುವುದೇ ಅಭ್ಯಾಸ. ಸ್ವಲ್ಪ ಸೈರಣೆಯಿಂದ ಓದಿರಿ.

ನಾನು ಪಾಠ ಹೇಳಿದ ಊರಿಗೆ ಚಿತ್ರದುರ್ಗದ ತುರುವನೂರು ಬಹು ದೂರವೇನಲ್ಲ. 1939ರಲ್ಲಿ ಅಲ್ಲಿ ನಡೆದ ಸತ್ಯಾಗ್ರಹವನ್ನು ನಿಮ್ಮಲ್ಲಿ ಅನೇಕರಿಗೆ ತರಗತಿಯಲ್ಲಿ ಹೇಳಿದ್ದೇನೆ. ಜನರು ಕೊಡಲಿ ಹಿಡಿದು ಹೋಗಿ ಈಚಲ ಮರಗಳನ್ನು ಕಡಿದರು. ಈಚಲ ಮರದ ಹೆಂಡ ಸರ್ಕಾರಕ್ಕೆ ಆದಾಯ ತರುತ್ತಿದ್ದ ವಸ್ತು. ಆದುದರಿಂದ ಮರಕ್ಕೆ ಹಾಕಿದ ಏಟು ಬೊಕ್ಕಸಕ್ಕೂ ತಗಲುತ್ತಿತ್ತು. ಎಸ್. ನಿಜಲಿಂಗಪ್ಪನವರ ಹೆಸರು ಈ ಹೋರಾಟದೊಡನೆ ಬೆಸೆದುಕೊಂಡಿದೆ. ಗಾಂಧೀಜಿಯವರ ಅನುಯಾಯಿಗಳ ದೃಷ್ಟಿಯಲ್ಲಿ ಕುಡಿತವು ಬಡವನ ಮನೆಯನ್ನು ಸುಲಿಯುವ ಪಾಪ. ಆ ಪಾಪದಲ್ಲಿ ಪರಕೀಯ ಸರ್ಕಾರವೂ ಪಾಲುದಾರ.

ಸ್ವಾತಂತ್ರ್ಯ ಬಂದ ಮೇಲೆ ಈ ಭಾವನೆಯೇ ಸಂವಿಧಾನದ 47ನೆಯ ವಿಧಿಯಾಯಿತು. ಔಷಧಕ್ಕಲ್ಲದೆ ಮಾದಕ ಪಾನೀಯಗಳ ಹಾಗೂ ಆರೋಗ್ಯಕ್ಕೆ ಹಾನಿಕರವಾದ ಮಾದಕ ದ್ರವ್ಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಅಂದು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿಗಳಿಗೆ 1949ರ ಬೊಂಬಾಯಿ ಪಾನನಿರೋಧ ಕಾಯಿದೆ ಅನ್ವಯಿಸುತ್ತಿತ್ತು. ದಕ್ಷಿಣ ಕನ್ನಡವು 1937ರ ಮದರಾಸಿನ ಕಾಯಿದೆಯ ವ್ಯಾಪ್ತಿಗೆ ಸೇರಿತ್ತು. ಹಳೆಯ ಮೈಸೂರಿನದು ಬೇರೆಯೇ ವ್ಯವಸ್ಥೆ. 1956ರ ಏಕೀಕರಣದ ಅನಂತರ, 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪಾನನಿರೋಧ ಕಾಯಿದೆ ಬಂದಿತು. ಆದರೆ ಕಳ್ಳಭಟ್ಟಿ ನಿಲ್ಲಲಿಲ್ಲ, ಬೊಕ್ಕಸವೂ ತುಂಬಲಿಲ್ಲ. 1967ರಲ್ಲಿ ಪಾನನಿರೋಧವನ್ನು ತೆಗೆದುಹಾಕಲಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಅದೇ ನಿಜಲಿಂಗಪ್ಪನವರು. ಅವರನ್ನು ಹಳಿಯಲು ಈ ಮಾತನ್ನು ಹೇಳುತ್ತಿಲ್ಲ. ಹೋರಾಟಗಾರ ಮರವನ್ನು ನೋಡುತ್ತಾನೆ, ಆಡಳಿತಗಾರ ಆಯವ್ಯಯ ಪತ್ರವನ್ನೂ ನೋಡಬೇಕಾಗುತ್ತದೆ.

ನಾನು ಆಗ ಚಿಕ್ಕ ಹುಡುಗ. ಸಾರಾಯಿ ಅಂಗಡಿಯ ಹರಾಜು, ಗುತ್ತಿಗೆದಾರರ ದರ್ಬಾರು, ಮುಂದೆ ಬಂದ ಪ್ಯಾಕೆಟ್ ಸಾರಾಯಿ, ಇವೆಲ್ಲವನ್ನೂ ನೋಡುತ್ತಲೇ ಬೆಳೆದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುವವರಲ್ಲಿ ಅನೇಕರು ಪ್ಯಾಕೆಟ್ಟಿನಿಂದ ಅಗ್ಗದ ವಿಸ್ಕಿ, ಬ್ರಾಂದಿಗೆ ಹೋದರು. 2023-24ನೆಯ ಸಾಲಿನಲ್ಲಿ ರಾಜ್ಯದ ಅಬಕಾರಿ ಆದಾಯ ಮೂವತ್ತು ಸಾವಿರ ಕೋಟಿ ರೂಪಾಯಿಯನ್ನು ದಾಟಿತು. ಅಂಗಡಿಯ ದಾರಿ ಅಂದಿನಿಂದ ಇಂದಿನವರೆಗೆ ಯಾರಿಗೂ ತಪ್ಪಿಲ್ಲ. ಕತ್ತಲಲ್ಲಿಯೂ ಸಿಕ್ಕುತ್ತದೆ.

ಈಗ ನನ್ನ ಸಹೋದ್ಯೋಗಿಯ ಕಥೆಗೆ ಬರುತ್ತೇನೆ. ಹೆಸರು ಬೇಡ. ಅವರು ಕಪ್ಪುಹಲಗೆಯ ಮೇಲೆ ಕೈಯಿಂದಲೇ ಎಳೆದ ವೃತ್ತವನ್ನು ಕೈವಾರದಿಂದ ಅಳೆದು ನೋಡಿದರೂ ತಪ್ಪು ಸಿಕ್ಕುತ್ತಿರಲಿಲ್ಲ. ಕುಡಿತ ಹೆಚ್ಚಾದಂತೆ ಬೆಳಗಿನ ಹೊತ್ತು ಅವರ ಕೈ ನಡುಗತೊಡಗಿತು. ನಾವು ಮಾಡಿದ್ದೇನು? ಅವರ ತರಗತಿಗಳನ್ನು ಹಂಚಿಕೊಂಡೆವು. ರಜೆ ಅರ್ಜಿಯಲ್ಲಿ "ಜ್ವರ" ಎಂದು ಬರೆದೆವು. ಅದನ್ನು ಸ್ನೇಹವೆಂದೇ ಭಾವಿಸಿದ್ದೆವು. ಹಲವು ವರ್ಷ ನಾವು ಅವರ ಕಾಯಿಲೆಗೆ ಬೇರೊಂದು ಹೆಸರು ಕೊಟ್ಟು ಬಚ್ಚಿಟ್ಟೆವು ಎಂಬುದು ನಂತರ ತಿಳಿಯಿತು.

ಅವರ ಪತ್ನಿ ನಮ್ಮ ಮನೆಗೆ ಬಂದದ್ದು ಆ ದಿನಗಳಲ್ಲೇ. "ಅಣ್ಣಾ, ಎಲ್ಲಾದರೂ ಸೇರಿಸಿ ಇವರನ್ನ ಉಳಿಸಿಕೊಡಿ" ಎಂದರು. ನಮಗೆ ತಿಳಿದಿದ್ದು ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತು ಒಂದೇ. ನಗರವೊಂದರ ಆ ಖಾಸಗಿ ಕೇಂದ್ರ ಕೇಳಿದ ಮುಂಗಡ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಆ ತಾಯಿ ಎರಡೆಳೆ ಸರವನ್ನು ಅಡವಿಟ್ಟು ಹಣ ತಂದರು. ಬಿಲ್ಲನ್ನು ಇಲಾಖೆಗೆ ಕೊಟ್ಟು ಕೇಳಿನೋಡೋಣವೆಂದು ನಾನು ಹೇಳಿದಾಗ ಸಹೋದ್ಯೋಗಿ ಕೈ ಮುಗಿದು, "ಬೇಡಿ ಮೇಷ್ಟ್ರೇ. ಬಿಲ್ಲು ಕಚೇರಿಗೆ ಹೋದರೆ ಕಾಯಿಲೆಯ ಹೆಸರೂ ಹೋಗುತ್ತೆ" ಎಂದರು. ಇಪ್ಪತ್ತೊಂದು ದಿನ ಅಲ್ಲಿದ್ದರು. ವೈದ್ಯರು ಬಂದದ್ದು ಎರಡು ಸಲವಂತೆ. ಹಿಂದಿರುಗಿದ ಮೇಲೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿ ಕಳುಹಿಸಲಿಲ್ಲ. ಎರಡು ತಿಂಗಳಲ್ಲಿ ಮತ್ತೆ ಕುಡಿತ ಆರಂಭವಾಯಿತು.

ಆ ತಾಯಿ ಎರಡನೆಯ ಸಲ ಬಂದಾಗ ನಾನು ಆಡಿದ ಮಾತನ್ನು ಇಂದು ಬರೆಯಲೂ ನಾಚಿಕೆಯಾಗುತ್ತದೆ. "ಒಂದು ಸಲ ನೋಡಿದ್ದಾಯ್ತಲ್ಲಮ್ಮ, ಅವರಿಗೇ ಮನಸ್ಸಿಲ್ಲ" ಎಂದೆ. ಅವರು ಮರುಮಾತಾಡದೆ ಹೊರಟುಹೋದರು. ಮರುವರ್ಷ ಸಹೋದ್ಯೋಗಿ ತೀರಿಕೊಂಡರು. ವಯಸ್ಸು ನಲವತ್ತೈದೂ ಆಗಿರಲಿಲ್ಲ.

ನಾನು ತಿಳಿಯದೆ ಹೋದುದು ಎಷ್ಟೆಂಬುದು ಆಮೇಲೆ ಗೊತ್ತಾಯಿತು. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿಯೇ ರೂಪುಗೊಂಡ ಸಂಸ್ಥೆ. 1990ರ ದಶಕದ ಹೊತ್ತಿಗೆ ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಘಟಕವಿತ್ತು. ಬಡವರಿಗೆ ಶುಲ್ಕದಲ್ಲಿ ರಿಯಾಯಿತಿಯೂ ಇತ್ತು. ನಮ್ಮ ಊರಿನಿಂದ ಅಲ್ಲಿಗೆ ಒಂದು ರಾತ್ರಿಯ ಬಸ್ ಪ್ರಯಾಣ. ನಮ್ಮ ನೆರೆಯ ಬಳ್ಳಾರಿಯಲ್ಲಿ ಅದೇ ನಿಮ್ಹಾನ್ಸ್ 1985ರಿಂದ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗ ನಡೆಸಿತ್ತು. ಅದರ ಗಮನ ಮುಖ್ಯವಾಗಿ ತೀವ್ರ ಮನೋರೋಗ ಹಾಗೂ ಮೂರ್ಛೆರೋಗಗಳ ಮೇಲಿತ್ತು. ಆದರೂ ಚಿಕಿತ್ಸೆಯನ್ನು ರೋಗಿಯ ಊರಿನ ಹತ್ತಿರಕ್ಕೆ ತರಬಹುದೆಂದು ಅದು ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಹಣವಿಲ್ಲದವರಿಗೆ ದಾರಿ ಮಾಡಿಕೊಟ್ಟವರು ಇನ್ನೂ ಇದ್ದರು. ಮದರಾಸಿನ ಶಾಂತಿ ರಂಗನಾಥನ್ ಅವರು ಪತಿಯನ್ನು ಕುಡಿತದಿಂದ ಕಳೆದುಕೊಂಡವರು. ಅವರ ಹೆಸರಿನಲ್ಲಿ 1980ರಲ್ಲಿ ಚಿಕಿತ್ಸಾ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆ 1989ರಲ್ಲಿ ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರ ನಡೆಸಿತು. ರೋಗಿ ನಗರಕ್ಕೆ ಹೋಗುವ ಬದಲು ವೈದ್ಯರು, ಆಪ್ತಸಲಹೆಗಾರರು ಹಳ್ಳಿಗೆ ಬಂದರು, ಊರಿನವರೂ ಕೈಜೋಡಿಸಿದರು, ಖರ್ಚು ಇಳಿಯಿತು. ನಮ್ಮ ನಾಡಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದ್ದಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿ, 1957ರಲ್ಲಿ ಭಾರತಕ್ಕೆ ಬಂದ ಆಲ್ಕೋಹಾಲಿಕ್ಸ್ ಅನಾನಿಮಸ್‌ನಲ್ಲಿ ಶುಲ್ಕವೇ ಇಲ್ಲ. ಹೆಸರು ಹೇಳಬೇಕಾದ ಕಡ್ಡಾಯವೂ ಇಲ್ಲ. ನನ್ನ ಸಹೋದ್ಯೋಗಿಗೆ ಬೇಕಾಗಿದ್ದದ್ದು ಅದೇ ಅಲ್ಲವೇ?

ಕಾನೂನಿನಲ್ಲಿಯೂ ದೊಡ್ಡ ಬದಲಾವಣೆ ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಂದು ಜಾರಿಗೆ ಬಂದಿತು. ಮದ್ಯ ಹಾಗೂ ಮಾದಕ ದ್ರವ್ಯಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಈ ಕಾಯಿದೆ ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿತು. ತುರುವನೂರಿನ ಕಾಲದಲ್ಲಿ ಪಾಪವಾಗಿದ್ದದ್ದು, ನನ್ನ ಬಾಲ್ಯದಲ್ಲಿ ಆದಾಯವಾಗಿದ್ದದ್ದು, ಈಗ ಕಾನೂನಿನ ಕಣ್ಣಿನಲ್ಲಿ ಚಿಕಿತ್ಸೆಗೆ ಅರ್ಹವಾದ ಕಾಯಿಲೆ. ಗಾಂಜಾ, ಬ್ರೌನ್ ಶುಗರ್‌ಗಳ ವಿಷಯದಲ್ಲಿ 1985ರ ಮಾದಕ ದ್ರವ್ಯ ಕಾಯಿದೆಯಲ್ಲೂ ಒಂದು ವಿಧಿಯಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ದೊರೆಯಬಹುದು. ಪೊಲೀಸರ ಭಯದಿಂದ ಮಗನನ್ನು ಮನೆಯಲ್ಲೇ ಬಚ್ಚಿಡುವ ತಂದೆ ತಾಯಿಗಳು ಇದನ್ನು ತಿಳಿದಿರಬೇಕು.

ಆದರೆ ಕಾನೂನು ಬದಲಾದ ಮಾತ್ರಕ್ಕೆ ಮನೆಯ ಕದ ತೆರೆಯುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರೆಲ್ಲ ಎಲ್ಲಿದ್ದಾರೆ? ರಜೆ ಅರ್ಜಿಯಲ್ಲಿ ಜ್ವರವೆಂದು ಬರೆಸಿಕೊಂಡು ನಮ್ಮ ನಡುವೆಯೇ ಇದ್ದಾರೆ.

ಆ ವಿದ್ಯಾರ್ಥಿಗೆ ನಾನು ಹೇಳಿದ ಮಾತುಗಳನ್ನು ನಿಮಗೂ ಹೇಳುತ್ತೇನೆ. ನಾನು ವೈದ್ಯನಲ್ಲ. ತಿಳಿದವರಿಂದ ಕೇಳಿ, ಓದಿ ಮನನ ಮಾಡಿಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಹಲವು ವರ್ಷ ದಿನವೂ ಕುಡಿದವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬಾರದು. ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆ ದಿನಗಳು ವೈದ್ಯರ ಕಣ್ಣಳತೆಯಲ್ಲೇ ಕಳೆಯಬೇಕು. ಅವರಿಗೆ ತಿಳಿಯದಂತೆ ಕಾಫಿಯಲ್ಲಿ, ಸಾರಿನಲ್ಲಿ ಔಷಧ ಬೆರೆಸುವುದೂ ಬೇಡ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಅರಿಯದೆ ಸೇವಿಸಿ ಮೇಲೆ ಕುಡಿದರೆ ಜೀವಕ್ಕೆ ಕುತ್ತು ಬರಬಹುದು.

ಎರಡನೆಯದು, ಜಾಹೀರಾತಿನ ಗೋಡೆಯನ್ನು ನೋಡುವ ಮೊದಲು ಜಿಲ್ಲಾ ಆಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯರನ್ನು ಕಾಣಿರಿ. ಎಲ್ಲರಿಗೂ ಸೇರಿಸುವ ಅಗತ್ಯವಿರುವುದಿಲ್ಲ. ಅನೇಕರಿಗೆ ಹೊರರೋಗಿ ಚಿಕಿತ್ಸೆಯೇ ಸಾಕಾಗುತ್ತದೆ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ವ್ಯಸನಮುಕ್ತಿಗೆಂದೇ 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಕೇಂದ್ರ ಸರ್ಕಾರದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳು ನಿಮ್ಮ ಸಮೀಪದಲ್ಲಿ ಎಲ್ಲಿವೆ ಎಂದು ಅಲ್ಲಿ ವಿಚಾರಿಸಬಹುದು.

ಮೂರನೆಯದು, ಖಾಸಗಿ ಕೇಂದ್ರವೇ ಆಗಬೇಕಾದರೆ ಮುಂಗಡ ಕೊಡುವ ಮೊದಲು ಪ್ರಶ್ನೆ ಕೇಳಿರಿ. ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ? ವೈದ್ಯರು ಯಾರು, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಒಟ್ಟು ಖರ್ಚನ್ನು ಬರೆದು ಕೊಡುತ್ತಾರೆಯೇ? ಮನೆಯವರು ಭೇಟಿ ಮಾಡಬಹುದೇ? ಬಿಡುಗಡೆಯ ಅನಂತರ ಮುಂದೇನು? ಸರಪಳಿ ಹಾಕುವುದನ್ನು ಕಾಯಿದೆಯೇ ನಿಷೇಧಿಸಿದೆ. ಉತ್ತರ ಕೊಡಲು ಹಿಂಜರಿಯುವ ಕಡೆ ನಿಮ್ಮವರನ್ನು ಬಿಟ್ಟು ಬರಬೇಡಿ.

ನಾಲ್ಕನೆಯದು ವಿಮೆ. ಮನೋರೋಗಕ್ಕೂ ದೇಹದ ರೋಗದಂತೆಯೇ ವಿಮೆ ಕೊಡಬೇಕೆಂದು 2017ರ ಕಾಯಿದೆ ಹೇಳುತ್ತದೆ. ಆದರೂ ಮದ್ಯ, ಮಾದಕ ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುತ್ತದೆ. 2019ರಲ್ಲಿ ವಿಮಾ ಪ್ರಾಧಿಕಾರ ಪ್ರಕಟಿಸಿದ ಹೊರಗಿಡುವ ಷರತ್ತುಗಳ ಪಟ್ಟಿಯಲ್ಲೂ ಅದು ಸೇರಿತ್ತು. ಆದುದರಿಂದ ಪಾಲಿಸಿಯನ್ನು ಓದಿ, ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯದೆ ವಿಮೆಯನ್ನು ನಂಬಿ ಹೊರಡಬೇಡಿ.

ಕೊನೆಯದು ನನ್ನ ತಪ್ಪಿನಿಂದ ನಾನು ಕಲಿತ ಪಾಠ. ಮತ್ತೆ ಕುಡಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ತಿಳಿಯಬೇಡಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ನಾವು "ಒಮ್ಮೆ ನೋಡಿದ್ದಾಯ್ತಲ್ಲ" ಎನ್ನುವುದಿಲ್ಲ, ಮತ್ತೆ ವೈದ್ಯರ ಬಳಿಗೆ ಕಳುಹಿಸುತ್ತೇವೆ. ಕೂಡಿಟ್ಟ ಹಣವನ್ನೆಲ್ಲ ಮೊದಲ ಇಪ್ಪತ್ತೊಂದು ದಿನಕ್ಕೇ ಸುರಿಯದೆ, ಒಂದು ಭಾಗವನ್ನು ಮುಂದಿನ ವರ್ಷದ ಬಸ್ ಚಾರ್ಜು, ಮಾತ್ರೆ, ಭೇಟಿಗಳಿಗೆ ಎತ್ತಿಡಿ.

ಆ ವಿದ್ಯಾರ್ಥಿ ಅಣ್ಣನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದ. ಮೂರು ವಾರಗಳಾದವು. ಮುಂದೇನಾಗುವುದೋ ನನಗೆ ತಿಳಿಯದು. ಮೊನ್ನೆ ಅವನು ಕರೆ ಮಾಡಿದಾಗ ಒಂದೇ ಮಾತು ಹೇಳಿದೆ. "ಮತ್ತೆ ಎಡವಿದರೂ ನನಗೆ ಫೋನ್ ಮಾಡಪ್ಪ. ಹೊತ್ತು ಎಷ್ಟಾದರೂ ಸರಿ."

ನಿಮ್ಮ ಪೈಕಿ ಯಾರ ಮನೆಯಲ್ಲಾದರೂ ಈ ಕಷ್ಟವಿದ್ದರೆ ಈ ಮಾತು ನಿಮಗೂ ಅನ್ವಯಿಸುತ್ತದೆ. ಮೂವತ್ತು ವರ್ಷಗಳ ಹಿಂದೆ ನಮ್ಮ ಹೊಸ್ತಿಲಿನಿಂದ ಬರಿಗೈಯಲ್ಲಿ ಹಿಂದಿರುಗಿದ ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ತಡವಾಗಿ ಕೊಡುತ್ತಿದ್ದೇನೆ.

ಇತಿ ನಿಮ್ಮ ಹಿತೈಷಿ,
ನಿಮ್ಮ ಸಮಾಜ ಮೇಷ್ಟ್ರು