ಸೇತುಮಾರ್ಗದ ಛತ್ರಗಳು: ಅಳೆದು ಉಳಿಸಬೇಕಾದ ಇತಿಹಾಸ

ಕಾಶೀಯಾತ್ರೆಯು ರಾಮೇಶ್ವರ ದರ್ಶನವಿಲ್ಲದೆ ಪೂರ್ಣವಾಗದು ಎಂಬ ನಂಬಿಕೆ ಭಾರತೀಯರಲ್ಲಿ ಬಹುಕಾಲದಿಂದ ನೆಲೆಸಿದೆ. ರೈಲು ಬರುವುದಕ್ಕೆ ಮೊದಲು ಯಾತ್ರಿಕರು ಕಾಲ್ನಡಿಗೆಯಲ್ಲಿ ಅಥವಾ ಎತ್ತಿನ ಗಾಡಿಯಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಬೇಕಾಗಿತ್ತು. ತಂಜಾವೂರಿನಿಂದ ದಕ್ಷಿಣಕ್ಕೆ ಹೊರಟು, ಒರತ್ತನಾಡು, ಪಟ್ಟುಕೋಟೆಗಳ ಮೂಲಕ ಕರಾವಳಿಯನ್ನು ಸೇರಿ, ಕಡಲಂಚಿನಲ್ಲಿಯೇ ಸೇತುವಿನತ್ತ ಸಾಗುವ ಹಾದಿಯು ಅಂತಹ ಪ್ರಮುಖ ಮಾರ್ಗಗಳಲ್ಲೊಂದು. ಈ ಹಾದಿಯ ಹಳ್ಳಿಗಳಲ್ಲಿ ತಂಜಾವೂರಿನ ಮರಾಠ ಅರಸರು ಕಟ್ಟಿಸಿದ ಛತ್ರಗಳು ದಕ್ಷಿಣ ಭಾರತದ ಗ್ರಾಮೀಣ ವಾಸ್ತುವಿನ ಅಮೂಲ್ಯ ಸಾಕ್ಷಿಗಳು.

ಈ ರಾಜವಂಶಕ್ಕೂ ಕನ್ನಡನಾಡಿಗೂ ಸಂಬಂಧವುಂಟು. ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದ ಷಹಾಜಿಯ ಪುತ್ರ ಏಕೋಜಿಯು 1676ರ ಸುಮಾರಿಗೆ ತಂಜಾವೂರಿನಲ್ಲಿ ತನ್ನ ಆಳ್ವಿಕೆಯನ್ನು ಸ್ಥಾಪಿಸಿದನು. ಈ ವಂಶದ ಅರಸರು ಛತ್ರಗಳನ್ನು ಬಹುಪಾಲು ರಾಜಸ್ತ್ರೀಯರ ಹೆಸರಿನಲ್ಲಿ ಕಟ್ಟಿಸಿದರು. ಪ್ರತಾಪಸಿಂಹನ ಕಾಲದ ನೀಡಾಮಂಗಲದ ಯಮುನಾಂಬಾಳ್ ಛತ್ರ, ಎರಡನೆಯ ಸರಫೋಜಿಯು 1802ರಲ್ಲಿ ಒರತ್ತನಾಡಿನಲ್ಲಿ ಸ್ಥಾಪಿಸಿದ ಮುಕ್ತಾಂಬಾಳ್ ಛತ್ರ ಇವುಗಳಲ್ಲಿ ಪ್ರಸಿದ್ಧವಾದವು. ಒರತ್ತನಾಡಿನ ಕಟ್ಟಡದ ಒಂದು ಭಾಗವನ್ನು ಕುದುರೆ ಹಾಗೂ ಆನೆಗಳು ಎಳೆಯುವ ರಥದಂತೆ ರೂಪಿಸಲಾಗಿದೆ.

ಬ್ರಿಟಿಷರು 1799ರ ಒಪ್ಪಂದದಿಂದ ರಾಜ್ಯದ ಆಡಳಿತವನ್ನು ವಹಿಸಿಕೊಂಡಾಗ, ಛತ್ರಗಳನ್ನು ಮಾತ್ರ ತನ್ನ ಕೈಯಲ್ಲಿಯೇ ಉಳಿಸಬೇಕೆಂದು ಸರಫೋಜಿಯು 1801ರಲ್ಲಿ ರೆಸಿಡೆಂಟನಿಗೆ ಪತ್ರ ಬರೆದನು. ಜಾತಿಭೇದವಿಲ್ಲದೆ ಎಲ್ಲ ಯಾತ್ರಿಕರಿಗೂ ಅನ್ನ, ಅಡುಗೆ ಒಲ್ಲದವರಿಗೆ ಅಕ್ಕಿ, ಶಿಶುಗಳಿಗೆ ಹಾಲು, ರೋಗಿಗಳಿಗೆ ವೈದ್ಯರು, ಅನಾಥ ಬಾಲಕರಿಗೆ ಊಟ ಮತ್ತು ಶಾಲೆ ಇದ್ದವೆಂದು ಅದರಿಂದ ತಿಳಿದುಬರುತ್ತದೆ. ಮಧ್ಯರಾತ್ರಿಯಲ್ಲಿ ಗಂಟೆ ಬಾರಿಸಿ, ಇನ್ನೂ ಉಣ್ಣದವರನ್ನು ಕರೆಯುವ ಪದ್ಧತಿಯೂ ಇತ್ತು.

ಆದುದರಿಂದ ಛತ್ರವೆಂದರೆ ಕೇವಲ ತಂಗುವ ಕೋಣೆಗಳಲ್ಲ. ದತ್ತಿಯಾಗಿ ಬಿಟ್ಟ ಗ್ರಾಮಗಳ ಬತ್ತ ಬಂದು ಸೇರುವ ಕಣಜ, ಹಾಲಿಗಾಗಿ ಕೊಟ್ಟಿಗೆ, ಅಡುಗೆಮನೆ, ಬಾವಿ, ಕೊಳ, ಪಾಠಶಾಲೆ ಇವೆಲ್ಲ ಸೇರಿದ ಒಂದು ದೊಡ್ಡ ಒಕ್ಕಲುಮನೆಯೇ ಅದು. ಇದನ್ನು ಅರಿಯಬೇಕಾದರೆ ಮುಂಭಾಗದ ಶಿಲ್ಪವನ್ನಷ್ಟೇ ಛಾಯಾಚಿತ್ರ ತೆಗೆದರೆ ಸಾಲದು. ಹಿತ್ತಲಿನ ಕೊಟ್ಟಿಗೆಯನ್ನೂ ಅಳೆಯಬೇಕು. ಕಣಜದ ಗಾತ್ರವನ್ನು ಸರಸ್ವತೀ ಮಹಲ್ ಗ್ರಂಥಾಲಯದ ಮೋಡಿ ಲಿಪಿಯ ಕಡತಗಳಲ್ಲಿರುವ ಛತ್ರದ ಲೆಕ್ಕಗಳೊಂದಿಗೆ ಹೋಲಿಸಿದರೆ, ದಿನಕ್ಕೆ ಎಷ್ಟು ಮಂದಿ ಉಣ್ಣುತ್ತಿದ್ದರೆಂಬುದರ ಅಂದಾಜು ದೊರೆತೀತು.

ಅಳತೆಯ ಕ್ರಮ ಸರಳವಾದುದು. ಪ್ರತಿ ಕೋಣೆಯ ಉದ್ದ ಅಗಲಗಳ ಜೊತೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಹಳೆಯ ಕೋಣೆಗಳ ಮೂಲೆಗಳು ನೇರವಾಗಿವೆಯೆಂದು ಊಹಿಸಲಾಗದು. ಗೋಡೆಯ ದಪ್ಪ, ಇಟ್ಟಿಗೆಯ ಗಾತ್ರ, ಗಾರೆಯ ಬಗೆ, ತೊಲೆಗಳ ಅಂತರ ಇವುಗಳನ್ನು ಗುರುತಿಸಬೇಕು. ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆಜಲ್ಲಿ ಮತ್ತು ಸುಣ್ಣವನ್ನು ಬಡಿದು ಮಾಡುವ ಮದ್ರಾಸ್ ತಾರಸಿ ಎಲ್ಲೆಲ್ಲಿ ಉಳಿದಿದೆಯೆಂದು ನಕ್ಷೆಯಲ್ಲಿ ತೋರಿಸಬೇಕು. ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಶಿಥಿಲವಾಗುವುದರಿಂದ, ಇಂತಹ ದಾಖಲೆಯಿಲ್ಲದೆ ಮಾಡಿದ ದುರಸ್ತಿಯೇ ನಾಶಕ್ಕೆ ಕಾರಣವಾಗಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಅಂತರ. ತಂಜಾವೂರಿನಿಂದ ಒರತ್ತನಾಡಿಗೆ ಸುಮಾರು 23 ಕಿ.ಮೀ.; ಅಲ್ಲಿಂದ ಪಟ್ಟುಕೋಟೆಗೂ ಹೆಚ್ಚುಕಡಿಮೆ ಅಷ್ಟೇ. ಇದು ಮಕ್ಕಳುಮರಿಗಳೊಡನೆ ನಡೆಯುವವರ ಒಂದು ದಿನದ ದಾರಿ. ಕರಾವಳಿಯಲ್ಲಿ ರಾಜಾಮಡಂ, ಮೀಮಿಸಲ್‌ಗಳಲ್ಲಿಯೂ ಛತ್ರಗಳಿದ್ದವು. ಒಂದೊಂದು ಛತ್ರವನ್ನು ಬಿಡಿಯಾಗಿ ನೋಡಿದರೆ ಈ ಯೋಜನೆ ಕಾಣದು. ಹಾದಿ, ಸಾಲುಮರ, ಕೊಳ, ಛತ್ರ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಇರಿಸಿದಾಗ ಮಾತ್ರ ಇಡೀ ಮಾರ್ಗವೇ ಒಂದು ನಿರ್ಮಾಣವೆಂಬುದು ವ್ಯಕ್ತವಾಗುತ್ತದೆ.

ತಂಜಾವೂರಿನ ಕೊನೆಯ ಅರಸನು 1855ರಲ್ಲಿ ಮೃತನಾದ ಮೇಲೆ ರಾಜಾಶ್ರಯ ತಪ್ಪಿತು. 1902ರಲ್ಲಿ ಮದುರೆಯಿಂದ ಮಂಡಪದವರೆಗೆ ರೈಲುಮಾರ್ಗ ತೆರೆಯಿತು. 1914ರಲ್ಲಿ ಪಾಂಬನ್ ಸೇತುವೆಯೂ ಸಿದ್ಧವಾಯಿತು. ಯಾತ್ರಿಕರು ರೈಲಿನತ್ತ ಹೊರಳಿದರು. ರೈಲು ಮುಟ್ಟದ ಒರತ್ತನಾಡಿನಂತಹ ಊರುಗಳ ಛತ್ರಗಳು ತಮ್ಮ ಮೂಲೋದ್ದೇಶವನ್ನು ಕಳೆದುಕೊಂಡು ಅನ್ಯ ಬಳಕೆಗೆ ಸಂದವು.

ದೇವಾಲಯವನ್ನು ಭಕ್ತರು ಕಾಯುತ್ತಾರೆ. ಅರಮನೆಗೆ ಪ್ರವಾಸಿಗರು ಬರುತ್ತಾರೆ. ದಾರಿಹೋಕರು ಇಲ್ಲದ ಛತ್ರಕ್ಕೆ ಕಾವಲುಗಾರರು ಯಾರೂ ಇಲ್ಲ. ರಸ್ತೆ ಅಗಲವಾಗುವಾಗ ಮೊದಲು ಬೀಳುವುದು ಅದರ ಜಗುಲಿ, ಬಾವಿ, ಮರಗಳೇ. ಎಲ್ಲವನ್ನೂ ಉಳಿಸಿಕೊಳ್ಳುವುದು ಸಾಧ್ಯವಾಗದಿರಬಹುದು. ಆದರೆ ಅಳೆದು ಬರೆದಿಡುವುದು ಅಸಾಧ್ಯವಲ್ಲ. ಮಧ್ಯರಾತ್ರಿಯಲ್ಲಿ ಅಪರಿಚಿತನನ್ನು ಊಟಕ್ಕೆ ಕರೆದ ಮನೆ ಎಲ್ಲಿತ್ತು, ಹೇಗಿತ್ತು ಎಂಬುದನ್ನು ಮುಂದಿನವರಿಗೆ ತಿಳಿಸುವುದು ಈ ತಲೆಮಾರಿನ ಋಣ.