ಬೀಗರ ಬಿಡದಿ: ಹಡಗಲಿ ಸೀಮೆಯ ಮದುವೆಗಳಲ್ಲಿ ಪರಸ್ಥಳದ ನೆಂಟರ ವಸತಿ

ಮದುವೆಯನ್ನು ಕುರಿತ ಜಾನಪದ ಅಧ್ಯಯನಗಳು ಹೆಚ್ಚಾಗಿ ಶಾಸ್ತ್ರ, ಹಾಡು, ಊಟ, ಉಡುಗೊರೆಗಳ ಸುತ್ತ ಬೆಳೆದಿವೆ. ಬಂದ ನೆಂಟರು ರಾತ್ರಿ ಎಲ್ಲಿ ಮಲಗಿದರು, ಅವರ ಎತ್ತುಗಳನ್ನು ಎಲ್ಲಿ ಕಟ್ಟಿದರು, ಬೆಳಗಿನ ನೀರನ್ನು ಯಾರು ಕಾಯಿಸಿ ಕೊಟ್ಟರು ಎಂಬ ಪ್ರಶ್ನೆಗಳು ಅಲ್ಲಿ ಅಪರೂಪ. ಊರೊಂದರ ಸಾಮಾಜಿಕ ರಚನೆಯನ್ನು ಅರಿಯಲು ಹಂದರದ ಕೆಳಗಿನ ವಿಧಿಗಳಷ್ಟೇ ಈ ವಸತಿಯ ಏರ್ಪಾಡೂ ನೆರವಾಗುತ್ತದೆ. ಹಿರೇಹಡಗಲಿ ಮತ್ತು ಅದರ ಸುತ್ತಲಿನ ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಏರ್ಪಾಡಿನ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮದುವೆಗೆ ಬಂದ ಬೀಗರಿಗೆ ಬಿಟ್ಟುಕೊಡುವ ಮನೆಗೆ ಕನ್ನಡದಲ್ಲಿ ‘ಬಿಡದಿ’ ಎಂಬ ಹೆಸರುಂಟು. ಉತ್ತರದ ಜಿಲ್ಲೆಗಳಲ್ಲಿ ಮರಾಠಿಯ ಸಂಪರ್ಕದಿಂದ ಬಂದ ‘ಜಾನವಸ’ ಎಂಬ ಮಾತೂ ಬಳಕೆಯಲ್ಲಿದೆ. ಬಿಡದಿ, ಬಿಡಾರ, ಬೀಡು ಇವೆಲ್ಲ ‘ಬಿಡು’ ಧಾತುವಿನ ಬಳಗಕ್ಕೆ ಸೇರಿದವು. ಚಾಲುಕ್ಯ ಅರಸರು ತಂಗಿದ್ದ ಸ್ಥಳವನ್ನು ಶಾಸನಗಳು ‘ನೆಲೆವೀಡು’ ಎಂದು ಕರೆಯುವಾಗ ಬಳಸುವುದೂ ಇದೇ ಬೀಡು. ದೂರದಿಂದ ಬಂದವರು ಎತ್ತಿನ ಕೊರಳು ಬಿಡಿಸಿ ನಿಲ್ಲುವ ತಾಣವೆಂಬ ಭಾವ ಈ ಪದಗಳಲ್ಲಿ ಸಾಮಾನ್ಯವಾಗಿದೆ. ಮದುವೆಯ ಬಿಡದಿಯಲ್ಲಿ ಈ ಅರ್ಥ ತೀರ ಈಚಿನವರೆಗೂ ಅಕ್ಷರಶಃ ಉಳಿದಿತ್ತು.

ಪರಸ್ಥಳದವರನ್ನು ಇರಿಸಿಕೊಳ್ಳುವುದು ಈ ಸೀಮೆಗೆ ಹೊಸತಲ್ಲ. ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯವು ೧ನೆಯ ಸೋಮೇಶ್ವರನ ಕಾಲದಲ್ಲಿ, ೧೦೫೭ರಲ್ಲಿ, ಮಂತ್ರಿ ದೇಮರಸನಿಂದ ನಿರ್ಮಿತವಾಯಿತು. ಆ ಯುಗದ ಕನ್ನಡ ಶಾಸನಗಳಲ್ಲಿ ತಪೋಧನರ ಹಾಗೂ ವಿದ್ಯಾರ್ಥಿಗಳ ಅನ್ನ, ವಸತಿಗಳಿಗೆ ಬಿಟ್ಟ ದತ್ತಿಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಮೈಲಾರದ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬಂದವರು ಬಂಡಿಯ ಕೆಳಗೇ ಬಿಡಾರ ಹೂಡುತ್ತಿದ್ದರು. ಕೊಟ್ಟೂರೇಶ್ವರನ ರಥೋತ್ಸವಕ್ಕೆ ನಡೆದು ಹೋಗುವವರಿಗೆ ದಾರಿಯ ಊರುಗಳವರು ಅನ್ನ, ನೆರಳು ಒದಗಿಸುವುದು ಇಂದಿಗೂ ರೂಢಿಯಲ್ಲಿದೆ. ಆದರೆ ಸತ್ರ, ಮಠ, ಜಾತ್ರೆಗಳ ವಸತಿಯು ಧರ್ಮದ ಲೆಕ್ಕಕ್ಕೆ ಸೇರಿದ್ದು. ಅಲ್ಲಿ ಉಂಡವನು ಮರಳಿ ಕೊಡಬೇಕಾದ ಋಣ ಯಾವ ಮನೆಗೂ ಉಳಿಯುವುದಿಲ್ಲ. ಮದುವೆಯ ಬಿಡದಿ ಹಾಗಲ್ಲ.

ಬಳ್ಳಾರಿಯೂ ಸೇರಿದಂತೆ ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಮದುವೆ ಗಂಡಿನ ಮನೆಯಲ್ಲಿ ನಡೆಯುತ್ತಿತ್ತು. ಹೆಣ್ಣಿನ ಕಡೆಯ ನಿಬ್ಬಣ ಹಿಂದಿನ ದಿನವೇ ಊರ ಅಂಚಿಗೆ ಬಂದು ನಿಲ್ಲುತ್ತಿತ್ತು. ವಾದ್ಯದೊಡನೆ ಹೋಗಿ ಇದಿರುಗೊಂಡು ಅವರನ್ನು ಕರೆತಂದು ಬಿಡದಿಗೆ ಇಳಿಸುವುದು ಸ್ವತಃ ಒಂದು ವಿಧಿ. ಬಿಡದಿಯಾಗಿ ಆಯ್ಕೆಯಾಗುವುದು ಸಾಮಾನ್ಯವಾಗಿ ಅದೇ ಓಣಿಯ ದೊಡ್ಡ ಪಡಸಾಲೆಯುಳ್ಳ ಮನೆ. ಮದುವೆಯ ಮನೆಯಲ್ಲೇ ಬೀಗರನ್ನು ಇರಿಸುವಂತಿಲ್ಲ. ಧಾರೆಗೆ ಮುನ್ನ ಎರಡೂ ಕಡೆಯವರು ಒಂದೇ ಸೂರಿನಡಿ ಇರಬಾರದೆಂಬ ಸಂಕೋಚ ಒಂದು ಕಾರಣವಾದರೆ, ಅಡುಗೆ ಮತ್ತು ಸಾಮಾನುಗಳಿಂದ ಅಲ್ಲಿ ಕಾಲಿಡಲೂ ತೆರಪಿಲ್ಲದಿರುವುದು ಇನ್ನೊಂದು. ಎರಡನೆಯ ಕಾರಣವೇ ಹೆಚ್ಚು ಪ್ರಬಲವಾಗಿದ್ದಿರಬೇಕು.

ಬಿಡದಿಯೊಂದರಿಂದಲೇ ಕೆಲಸ ಮುಗಿಯುತ್ತಿರಲಿಲ್ಲ. ಉಳಿದ ನೆಂಟರನ್ನು ಓಣಿಯ ಮನೆಗಳು ಹಂಚಿಕೊಳ್ಳುತ್ತಿದ್ದವು. ಮದುವೆಗಳು ಬಹುಪಾಲು ಸುಗ್ಗಿ ಮುಗಿದ ಬೇಸಿಗೆಯಲ್ಲಿ ಜರುಗುತ್ತಿದ್ದುದನ್ನು ಇಲ್ಲಿ ಗಮನಿಸಬೇಕು. ಈ ಭಾಗದ ಮನೆಗಳು ಮಣ್ಣಿನ ಮಾಳಿಗೆಯವು. ಸೆಕೆಯ ರಾತ್ರಿಗಳಲ್ಲಿ ಮಾಳಿಗೆಯೇ ಗಂಡಸರ ಮಲಗುವ ತಾಣ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟಬಹುದಾದ ಓಣಿಯಲ್ಲಿ ನೂರು ಜನರಿಗೆ ಹಾಸಿಗೆ ಹಾಸುವುದು ಕಷ್ಟವಲ್ಲ. ಹೆಂಗಸರು, ಮಕ್ಕಳು ಒಳಗೆ, ಪಡಸಾಲೆಯಲ್ಲಿ. ಕಂಬಳಿ, ಕೌದಿ, ಜಮಖಾನಗಳನ್ನು ಮನೆಮನೆಯಿಂದ ಕೂಡಿಸಿ ತರಲಾಗುತ್ತಿತ್ತು. ಗುರುತಿಗಾಗಿ ಮೂಲೆಗೆ ಬಣ್ಣದ ದಾರ ಹೊಲಿದ ಕೌದಿ ಮದುವೆಯ ಮರುದಿನ ತನ್ನ ಮನೆಗೆ ತಪ್ಪದೆ ಮರಳುತ್ತಿತ್ತು. ಮಳೆಗಾಲದಲ್ಲಿ ಇಂಥ ಮದುವೆ ಮಾಡುವುದು ದುಸ್ತರ; ಆಷಾಢದ ನಿಷೇಧವನ್ನು ಪಂಚಾಂಗದಿಂದ ಮಾತ್ರವಲ್ಲ, ಸೋರುವ ಮಾಳಿಗೆಯಿಂದಲೂ ಅರ್ಥ ಮಾಡಿಕೊಳ್ಳಬಹುದು.

ನೆಂಟರ ಜೊತೆ ಬಂದ ಎತ್ತುಗಳೂ ಅತಿಥಿಗಳೇ. ಹತ್ತಾರು ಸವಾರಿ ಬಂಡಿಗಳನ್ನು ಓಣಿಯಲ್ಲಿ ನಿಲ್ಲಿಸಲಾಗದು. ರಾಶಿ ಮುಗಿದು ಖಾಲಿಯಾದ ಕಣಗಳು ಬಂಡಿಗಳ ಬಿಡಾರವಾಗುತ್ತಿದ್ದವು. ಜೋಳದ ಸೊಪ್ಪೆ, ಹತ್ತಿಕಾಳು, ಕುಡಿಯುವ ನೀರು ಇವನ್ನು ಮದುವೆಯ ಮನೆಯವರೇ ಒದಗಿಸಬೇಕು. ಬರದ ವರ್ಷ ಜನರ ಊಟಕ್ಕಿಂತ ದನಗಳ ಮೇವೇ ಭಾರವಾಗುತ್ತಿತ್ತು. ಸದಾ ಮಳೆಯ ಅಭಾವವಿರುವ ಕೂಡ್ಲಿಗಿ, ಕೊಟ್ಟೂರಿನ ಕಡೆ ಇದು ಸಣ್ಣ ಮಾತಲ್ಲ. ಬಿಡದಿಯಲ್ಲಿ ನೀರು ತಡವಾದರೆ, ಎಲೆಅಡಿಕೆಯ ತಟ್ಟೆ ಬರಿದಾದರೆ, ಹಾಸಿಗೆ ಸಾಲದಾದರೆ ಅದು ಮರುದಿನ ಬೀಗರ ಹಾಡಿನಲ್ಲಿ ಬಂದೇ ಬರುತ್ತಿತ್ತು. ಬೀಗರನ್ನು ಜರೆಯುವ ಈ ಹಾಡುಗಳನ್ನು ವಿನೋದವೆಂದಷ್ಟೇ ಬಗೆಯುವ ರೂಢಿ ಸಂಪೂರ್ಣ ಸರಿಯಲ್ಲ. ಸತ್ಕಾರದ ಲೋಪವನ್ನು ಜಗಳವಿಲ್ಲದೆ ದಾಖಲಿಸುವ ಉಪಾಯವೂ ಅವುಗಳಲ್ಲಿತ್ತು.

ಓಣಿಯ ಮನೆಗಳು ಇದಕ್ಕಾಗಿ ಹಣ ಪಡೆಯುತ್ತಿರಲಿಲ್ಲ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಕೊಟ್ಟವರ ಮನೆಯ ಕಾರ್ಯದಲ್ಲಿ ಮರಳಿಸುವುದು ಪದ್ಧತಿ. ಬಿಟ್ಟುಕೊಟ್ಟ ಪಡಸಾಲೆ ಪಟ್ಟಿಗೆ ಏರುತ್ತಿರಲಿಲ್ಲ, ಆದರೂ ಮರೆತುಹೋಗುತ್ತಿರಲಿಲ್ಲ. ಬರೆದ ಮುಯ್ಯಿ ಒಮ್ಮೆ ತೀರುತ್ತದೆ. ಬರೆಯದ ಈ ಮುಯ್ಯಿ ತೀರದೆ ಓಣಿಯನ್ನು ಕಟ್ಟಿಹಾಕಿತ್ತು.

ಈ ಚಿತ್ರವನ್ನು ಗತಕಾಲದ ಸೌಹಾರ್ದವೆಂದು ಬಣ್ಣಿಸಿ ಕೈಬಿಡುವುದು ಸುಲಭ. ಓಣಿ ಎಂಬುದು ಬಹುಮಟ್ಟಿಗೆ ಜಾತಿಯ ಓಣಿಯೇ ಆಗಿತ್ತು. ಯಾರನ್ನು ಪಡಸಾಲೆಗೆ ಕರೆಯಬೇಕು, ಯಾರಿಗೆ ಕಟ್ಟೆ ಸಾಕು, ಯಾರು ಊರ ಹೊರಗಿನ ಮರದ ಕೆಳಗೆ ತಂಗಬೇಕು ಎಂಬುದು ಹೇಳದೆಯೇ ನಿರ್ಧಾರವಾಗಿರುತ್ತಿತ್ತು. ಬಿಡದಿಗೆ ನೀರು ಹೊತ್ತವರು, ನಡೆಮಡಿ ಹಾಸಿದ ಮಡಿವಾಳರು, ರಾತ್ರಿ ಕಣ ಕಾಯ್ದ ತಳವಾರರು ಆಯದ ಲೆಕ್ಕದಲ್ಲಿ ದುಡಿದವರು. ಅವರ ಮನೆಯ ಮದುವೆಗೆ ದೊಡ್ಡ ಓಣಿಯ ಪಡಸಾಲೆಗಳು ತೆರೆದುಕೊಳ್ಳುತ್ತಿರಲಿಲ್ಲ. ದಲಿತ ಕೇರಿಯ ನೆಂಟರಿಗೆ ಕೇರಿಯ ಪುಟ್ಟ ಮನೆಗಳೇ ಗತಿ. ಇನ್ನು ಎಲ್ಲ ಓಣಿಗಳಲ್ಲೂ ವಸತಿಯ ನಿಜವಾದ ಹೊರೆ ಬಿದ್ದದ್ದು ಹೆಂಗಸರ ಮೇಲೆ. ಬೀದಿಯ ಹಿರಿಯರು ಮನೆಗಳನ್ನು ಹಂಚಿದರೆ, ನಸುಕಿನಲ್ಲಿ ಎದ್ದು ಹಂಡೆಗೆ ಉರಿ ಹಾಕಿದವರು ಬೇರೆ.

೧೮೦೦ರಲ್ಲಿ ಬಳ್ಳಾರಿ ಸೀಮೆ ಕಂಪನಿಯ ಆಡಳಿತಕ್ಕೆ ಸೇರಿದ ಮೇಲೆ ಮದರಾಸು ಪ್ರಾಂತದ ರೀತಿಯಲ್ಲಿ ರಸ್ತೆಬದಿಯ ಛತ್ರಗಳೂ ಅಧಿಕಾರಿಗಳಿಗಾಗಿ ಪ್ರವಾಸಿ ಬಂಗಲೆಗಳೂ ಬಂದವು. ೨೦ನೆಯ ಶತಮಾನದ ಆರಂಭದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂತು. ಇವುಗಳಿಂದ ಮದುವೆಯ ಬಿಡದಿಗೆ ಆದ ವ್ಯತ್ಯಾಸ ಅಲ್ಪ. ಹೆಚ್ಚು ಪರಿಣಾಮ ಬೀರಿದ್ದು ಸ್ವಾತಂತ್ರ್ಯಾನಂತರದ ಕಾನೂನು ಮತ್ತು ಬಸ್ಸು. ಸಂವಿಧಾನದ ೧೫ನೆಯ ಅನುಚ್ಛೇದ ಹಾಗೂ ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ (೧೯೭೬ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ) ಹೋಟೆಲು, ಧರ್ಮಶಾಲೆ, ಮುಸಾಫಿರಖಾನೆಗಳಲ್ಲಿ ಜಾತಿಯ ಅಡ್ಡಿಯನ್ನು ದಂಡನೀಯವಾಗಿಸಿದವು. ಪಡಸಾಲೆ ಮಾತ್ರ ಖಾಸಗಿ. ಅಲ್ಲಿಗೆ ಕಾಯಿದೆ ಹೋಗಲಾರದು.

ಕಲ್ಯಾಣಮಂಟಪವೆಂಬುದು ಮೂಲದಲ್ಲಿ ದೇವರ ಮದುವೆಯ ತಾಣ. ಹಂಪಿಯ ವಿಠ್ಠಲ ದೇವಾಲಯದ ಮಂಟಪ ಎಲ್ಲರೂ ಬಲ್ಲದ್ದು. ಆ ಹೆಸರು ಹೊತ್ತ ಬಾಡಿಗೆಯ ಕಟ್ಟಡಗಳು ೨೦ನೆಯ ಶತಮಾನದ ಕೊನೆಯ ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳಿಗೆ ಬಂದಾಗ ಹಂದರ, ಅಡುಗೆ, ಬಿಡದಿ ಮೂರೂ ಒಂದೇ ಆವರಣ ಸೇರಿದವು. ವೇದಿಕೆಯ ಎರಡು ಬದಿಗೆ ‘ವಧುವಿನ ಕೊಠಡಿ’, ‘ವರನ ಕೊಠಡಿ’ ಎಂದು ಬರೆದಿರುವುದು ಬಿಡದಿಯ ಕೊನೆಯ ಕುರುಹು. ಮಠಗಳ ಸಮುದಾಯ ಭವನಗಳು, ಅಂಬೇಡ್ಕರ್ ಭವನಗಳು ಓಣಿಯ ಹಂಗಿಲ್ಲದೆ ಮದುವೆ ಮಾಡುವ ಅವಕಾಶವನ್ನು ಬಡವರಿಗೂ ಒದಗಿಸಿದವು. ಬಂಡಿಯ ಬದಲು ಬಸ್ಸು, ಟ್ರ್ಯಾಕ್ಟರು, ಕ್ರೂಸರು ಬಂದದ್ದರಿಂದ ಹತ್ತಿರದವರು ಬೆಳಗ್ಗೆ ಬಂದು ಸಂಜೆಗೆ ಮರಳತೊಡಗಿದರು. ರಾತ್ರಿ ಉಳಿಯಬೇಕಾದವರು ಬೆಂಗಳೂರು, ಮುಂಬಯಿಯಂಥ ದೂರದ ಊರುಗಳವರು ಮಾತ್ರ.

ಅವರಿಗಾಗಿ ಈಗ ಹೊಸಪೇಟೆ, ದಾವಣಗೆರೆ, ಹರಿಹರ, ರಾಣೆಬೆನ್ನೂರುಗಳಲ್ಲಿ ಕೋಣೆ ಕಾದಿರಿಸಬೇಕು. (ಕನ್ನಡದ ಬಳಕೆಯಲ್ಲಿ ಹೋಟೆಲು ಎಂದರೆ ಉಣ್ಣುವ ಸ್ಥಳ, ಮಲಗುವುದು ಲಾಡ್ಜಿನಲ್ಲಿ.) ಹೊಸಪೇಟೆಯ ಲಾಡ್ಜುಗಳು ಬೆಳೆದದ್ದು ಮದುವೆಗಾಗಿ ಅಲ್ಲ, ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಪ್ರವಾಸಿಗಳು ಮತ್ತು ಸುತ್ತಲಿನ ಉಕ್ಕು, ಗಣಿ ಉದ್ಯಮಗಳ ವ್ಯವಹಾರ ಅವಕ್ಕೆ ಆಧಾರ. ಹೀಗಾಗಿ ಹಂಪಿ ಉತ್ಸವದ ದಿನಗಳಲ್ಲೇ ಮುಹೂರ್ತ ಬಿದ್ದರೆ ಕೋಣೆ ಸಿಗುವುದು ಕಷ್ಟ. ಲಾಡ್ಜಿನ ಪುಸ್ತಕ ಹೆಸರು, ವಿಳಾಸ, ಗುರುತಿನ ಚೀಟಿ ಕೇಳುತ್ತದೆ, ಓಣಿ ಕೇಳುವುದಿಲ್ಲ; ಪಡಸಾಲೆಗೆ ಕರೆಯಲಾಗದಿದ್ದ ಗೆಳೆಯನನ್ನು ಕಚೇರಿಯ ಇತರರ ಪಕ್ಕದ ಕೋಣೆಯಲ್ಲೇ ಇರಿಸಲು ಇದರಿಂದ ಸಾಧ್ಯವಾಗಿದೆ. ಬೆಲೆ ತೆತ್ತರೆ ಲೆಕ್ಕ ಚುಕ್ತಾ, ಯಾರ ಮುಯ್ಯಿಯೂ ಉಳಿಯದು. ಲಾಡ್ಜಿನ ದಿನ ಮುಹೂರ್ತಕ್ಕೆ ಹೊಂದುವುದಿಲ್ಲ. ಧಾರೆಯ ವೇಳೆಗೆ ಕೋಣೆ ತೆರವು ಮಾಡಬೇಕಾದ ನೆಂಟರ ಪೆಟ್ಟಿಗೆಗಳು ಕಲ್ಯಾಣಮಂಟಪದ ಉಗ್ರಾಣ ಸೇರುತ್ತವೆ. ಹಿಂದೆ ಓಣಿಯ ಹಿರಿಯರು ಮಾಡುತ್ತಿದ್ದ ಹಂಚಿಕೆಯ ಕೆಲಸವನ್ನು ಇಂದು ಮದುವೆಯ ಮನೆಯ ಯುವಕನೊಬ್ಬ ಕೋಣೆಗಳ ಬೀಗದ ಕೈಗಳನ್ನೂ ಬಾಡಿಗೆಯ ವಾಹನವನ್ನೂ ಇಟ್ಟುಕೊಂಡು ಒಬ್ಬನೇ ನಿರ್ವಹಿಸುತ್ತಾನೆ.