ಯೋ ಗ್ಯಾಬಾ ಗ್ಯಾಬಾ: ಮಕ್ಕಳ ಟಿವಿಗೆ ಬಂದ ಇಂಡೀ ಬ್ಯಾಂಡುಗಳು

‘ಯೋ ಗ್ಯಾಬಾ ಗ್ಯಾಬಾ!’ ಅಮೆರಿಕದ ನಿಕಲೋಡಿಯನ್ ವಾಹಿನಿಯ ನಿಕ್ ಜೂನಿಯರ್ ವಿಭಾಗದಲ್ಲಿ 2007ರ ಆಗಸ್ಟ್ 20ರಂದು ಶುರುವಾದ ಕಾರ್ಯಕ್ರಮ. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಪುಟಾಣಿಗಳಿಗಾಗಿ ಮಾಡಿದ್ದು. ನಾಲ್ಕು ಸೀಸನ್, 66 ಕಂತುಗಳನ್ನು ಮುಗಿಸಿ 2015ರ ನವೆಂಬರ್‌ನಲ್ಲಿ ನಿಂತಿತು. ಕಾಲೇಜು ಹುಡುಗರು ಕ್ಲಬ್ಬುಗಳಲ್ಲಿ ನಿಂತು ಕೇಳುತ್ತಿದ್ದ ಬ್ಯಾಂಡುಗಳನ್ನು ಕರೆಸಿ, ಹಲ್ಲುಜ್ಜುವುದು, ಅಂಗಳಕ್ಕೆ ಹೋಗಿ ಆಡುವುದು, ಬಿದ್ದರೆ ಮತ್ತೆ ಏಳುವುದು ಇಂಥ ವಿಷಯಗಳ ಮೇಲೆ ಹಾಡಿಸಿದ್ದೇ ಇದರ ಹೆಗ್ಗಳಿಕೆ. ಆ ಬ್ಯಾಂಡುಗಳು ಇಲ್ಲಿ ತಮ್ಮ ದನಿಯನ್ನು ಮಕ್ಕಳಿಗೆಂದು ತೆಳುಮಾಡಿಕೊಳ್ಳಲಿಲ್ಲ. ಮಕ್ಕಳ ಸಂಗೀತದ ಇತಿಹಾಸದಲ್ಲಿ ಈ ಕಾರ್ಯಕ್ರಮಕ್ಕೆ ಸ್ಥಾನ ಸಿಕ್ಕಿರುವುದು ಆ ಕಾರಣಕ್ಕೆ.

ಇದಕ್ಕೂ ಮೊದಲು ಅಮೆರಿಕದ ಮಕ್ಕಳ ಟಿವಿಗೆ ದೊಡ್ಡ ಗಾಯಕರು ಬಂದಿದ್ದರು. 1969ರಲ್ಲಿ ಶುರುವಾದ ‘ಸೆಸಮೆ ಸ್ಟ್ರೀಟ್’ಗೆ 1973ರಲ್ಲಿ ಸ್ಟೀವಿ ವಂಡರ್ ತನ್ನ ವಾದ್ಯವೃಂದದೊಂದಿಗೆ ಬಂದು ‘ಸೂಪರ್‌ಸ್ಟಿಷನ್’ ನುಡಿಸಿದ. ಸುತ್ತ ಮಕ್ಕಳಿದ್ದಾರೆಂದು ಅವನು ಲಯದ ಬಿಸಿಯನ್ನು ಒಂದು ಚೂರೂ ಇಳಿಸಲಿಲ್ಲ. ಅದೇ ವರ್ಷ ಆರಂಭವಾದ ‘ಸ್ಕೂಲ್‌ಹೌಸ್ ರಾಕ್!’ ಮಗ್ಗಿಯನ್ನೂ ವ್ಯಾಕರಣವನ್ನೂ ಹಾಡಿನಲ್ಲಿ ಹೇಳಿಕೊಟ್ಟಿತು. ಅದರ ಮುಖ್ಯ ಸಂಯೋಜಕ ಬಾಬ್ ಡೊರೋ ಜ್ಯಾಜ್ ಸಂಗೀತಗಾರ. ಆ ಹಾಡುಗಳನ್ನು ಕೇಳಿ ಬೆಳೆದ ಪೀಳಿಗೆಯೇ ಮುಂದೆ ಗಿಟಾರ್ ಹಿಡಿಯಿತು. 1996ರಲ್ಲಿ ಪೇವ್‌ಮೆಂಟ್, ಲೆಮನ್‌ಹೆಡ್ಸ್, ಬ್ಲೈಂಡ್ ಮೆಲನ್ ಮೊದಲಾದ ಬ್ಯಾಂಡುಗಳು ಅವನ್ನು ಮತ್ತೆ ಹಾಡಿ ಒಂದು ಆಲ್ಬಮ್ಮನ್ನೇ ತಂದವು. 1999ರಲ್ಲಿ ಆರ್‌.ಇ.ಎಂ. ತನ್ನದೇ ಹಳೆಯ ಹಾಡೊಂದರ ಮಾತು ಬದಲಿಸಿ ಸೆಸಮೆ ಸ್ಟ್ರೀಟಿನ ಗೊಂಬೆಗಳ ಜೊತೆ ಕುಣಿಯಿತು.

ಇವೆಲ್ಲ ಅತಿಥಿಗಳ ಭೇಟಿ. ಹೆಸರು ಮಾಡಿದ ಹಾಡು ಬರುತ್ತಿತ್ತು, ಮಕ್ಕಳ ಮುಂದೆ ನಿಲ್ಲುತ್ತಿತ್ತು, ಹೋಗುತ್ತಿತ್ತು. ಅತಿಥಿಯನ್ನೇ ಮನೆಯವನನ್ನಾಗಿ ಮಾಡಿಕೊಂಡ ಮೊದಲ ಪ್ರಯತ್ನಗಳಲ್ಲಿ ‘ಪ್ಯಾನ್‌ಕೇಕ್ ಮೌಂಟನ್’ ದೊಡ್ಡದು. 2003ರಲ್ಲಿ ಸ್ಕಾಟ್ ಸ್ಟಕಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಅಲ್ಪಸ್ವಲ್ಪ ಹಣದಲ್ಲಿ ಶುರುಮಾಡಿದ ಈ ಕಾರ್ಯಕ್ರಮದ ನಿರೂಪಕ ರೂಫಸ್ ಲೀಕಿಂಗ್ ಎಂಬ ಮೇಕೆಗೊಂಬೆ. ಮೈನರ್ ಥ್ರೆಟ್, ಫುಗಾಜಿಯಂಥ ಉಗ್ರ ಬ್ಯಾಂಡುಗಳ ಇಯನ್ ಮೆಕೇ ತನ್ನ ‘ದಿ ಈವನ್ಸ್’ ಜೋಡಿಯ ಮೂಲಕ ಇಂಗ್ಲಿಷ್ ಸ್ವರಾಕ್ಷರಗಳ ಮೇಲೊಂದು ಹಾಡು ಕಟ್ಟಿದ್ದು ಈ ಕಾರ್ಯಕ್ರಮಕ್ಕೆ. ಪಂಕ್ ಸಂಗೀತದ ಕಟ್ಟಾ ನಿಷ್ಠಾವಂತನೊಬ್ಬ ಅಕ್ಷರ ಕಲಿಸಲು ಕೂತನೆಂಬುದು ಸಣ್ಣ ವಿಷಯವಲ್ಲ. ಆದರೆ ಅದು ದೊಡ್ಡ ವಾಹಿನಿಯ ಬೆಂಬಲವಿಲ್ಲದ ಕೆಲಸ, ಅದರ ಸದ್ದು ಬಹಳ ಮನೆಗಳಿಗೆ ಮುಟ್ಟಲಿಲ್ಲ.

ಆ ಹೊತ್ತಿಗೆ ಸಂಗೀತಗಾರರ ಸ್ಥಿತಿಯೂ ಬದಲಾಗಿತ್ತು. ಇಂಟರ್‌ನೆಟ್ ಬಂದ ಮೇಲೆ ಸಿ.ಡಿ. ಮಾರಾಟ ಇಳಿಮುಖವಾಗಿ, ದೊಡ್ಡ ರೆಕಾರ್ಡ್ ಕಂಪನಿಗಳ ಆಚೆ ಇದ್ದ ‘ಇಂಡೀ’ ಬ್ಯಾಂಡುಗಳು ಕೇಳುಗರನ್ನು ಹುಡುಕಿಕೊಂಡು ಸಿನಿಮಾ, ಟಿವಿ, ಜಾಹೀರಾತುಗಳಿಗೆ ಹೋಗತೊಡಗಿದ್ದವು. 2003ರಲ್ಲಿ ಶುರುವಾದ ‘ದಿ ಓ.ಸಿ.’ ಧಾರಾವಾಹಿ ಇಂಥ ಹಾಡುಗಳಿಗೆ ಮನೆಮನೆಯ ಬಾಗಿಲು ತೆರೆಯಿತು. 2004ರ ‘ಗಾರ್ಡನ್ ಸ್ಟೇಟ್’ ಸಿನಿಮಾ ದಿ ಶಿನ್ಸ್ ಬ್ಯಾಂಡನ್ನು ರಾತ್ರೋರಾತ್ರಿ ಪರಿಚಿತ ಹೆಸರಾಗಿಸಿತು. ತೊಂಬತ್ತರ ದಶಕದಲ್ಲಿ ಈ ಸಂಗೀತದ ಹುಚ್ಚು ಹಿಡಿಸಿಕೊಂಡಿದ್ದವರು ಈಗ ಅಪ್ಪ ಅಮ್ಮಂದಿರಾಗಿದ್ದರು. ಮಗುವಿನ ಜೊತೆ ಟಿವಿ ಮುಂದೆ ಕೂತಾಗ ತಮ್ಮ ಕಿವಿಗೂ ಏನಾದರೂ ಬೇಕೆಂಬ ಆಸೆ ಅವರಿಗಿತ್ತು.

ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿದ್ದ ಕ್ರಿಸ್ಟಿಯನ್ ಜೇಕಬ್ಸ್ ಮತ್ತು ಸ್ಕಾಟ್ ಶುಲ್ಟ್ಸ್ ಅಂಥ ಇಬ್ಬರು ಅಪ್ಪಂದಿರು. ಜೇಕಬ್ಸ್ ಎಂಬತ್ತರ ದಶಕದಲ್ಲಿ ಟಿವಿಯಲ್ಲಿ ಬಾಲನಟನಾಗಿದ್ದವ. 1994ರಲ್ಲಿ ‘ದಿ ಅಕ್ವಾಬ್ಯಾಟ್ಸ್’ ಬ್ಯಾಂಡ್ ಕಟ್ಟಿ, ಸೂಪರ್‌ಹೀರೋ ವೇಷ ತೊಟ್ಟು, ವೇದಿಕೆಯ ಮೇಲೆ ರಕ್ಕಸರ ಜೊತೆ ಹುಸಿಜಗಳವಾಡುತ್ತ ಹಾಡುತ್ತಿದ್ದ. ಶುಲ್ಟ್ಸ್ ‘ಮೆಜೆಸ್ಟಿಕ್’ ಎಂಬ ಬ್ಯಾಂಡಿನವ. ತಮ್ಮ ಮಕ್ಕಳು ನೋಡುತ್ತಿದ್ದ ಕಾರ್ಯಕ್ರಮಗಳು ಇಬ್ಬರಿಗೂ ಸಪ್ಪೆ ಎನಿಸಿದ್ದವು. ಬಾಲ್ಯದಲ್ಲಿ ಕಂಡ, ಸಿಡ್ ಮತ್ತು ಮಾರ್ಟಿ ಕ್ರಾಫ್ಟ್ ಅವರ ಮಕ್ಕಳ ಟಿವಿ ಕಾರ್ಯಕ್ರಮಗಳ ಬಣ್ಣಬಣ್ಣದ ವೇಷಗಳು, ಜಪಾನಿನ ದೈತ್ಯಪ್ರಾಣಿಗಳ ಸಾಹಸಕಥೆಗಳು ಅವರ ತಲೆಯಲ್ಲಿದ್ದವು. ಮನೆಯವರು, ಗೆಳೆಯರಿಂದ ಹಣ ಹೊಂದಿಸಿಕೊಂಡು ಮಾದರಿ ಕಂತುಗಳನ್ನು ತಾವೇ ಚಿತ್ರಿಸಿದರು. ಪಾತ್ರಗಳಿಗೆ, ಸೆಟ್ಟಿಗೆ ರೂಪ ಕೊಡುವುದರಲ್ಲಿ ಜೇಕಬ್ಸ್‌ನ ತಮ್ಮ, ಚಿತ್ರಕಾರ ಪಾರ್ಕರ್ ಜೇಕಬ್ಸ್ ಕೈಜೋಡಿಸಿದ.

ಆ ತುಣುಕುಗಳು ಇಂಟರ್‌ನೆಟ್ಟಿನಲ್ಲಿ ಹರಿದಾಡಿದವು. ‘ನೆಪೋಲಿಯನ್ ಡೈನಮೈಟ್’ ಸಿನಿಮಾದ ನಿರ್ದೇಶಕ ಜ್ಯಾರೆಡ್ ಹೆಸ್ ಕಣ್ಣಿಗೆ ಬಿದ್ದು, ಅವನ ಮೂಲಕ ನಿಕಲೋಡಿಯನ್‌ನ ಬ್ರೌನ್ ಜಾನ್ಸನ್ ಅವರಿಗೆ ಮುಟ್ಟಿದವು. ಪುಟಾಣಿ ಮಕ್ಕಳ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ಅವರು ಒಪ್ಪಿದರು. ವೈಲ್ಡ್‌ಬ್ರೇನ್ ಸಂಸ್ಥೆ ನಿರ್ಮಾಣಕ್ಕೆ ಜೊತೆಯಾಯಿತು. ಹೀಗೆ ತಾವೇ ಹಣ ಹೊಂದಿಸಿ ಮಾಡಿದ ಮಾದರಿಯೇ ದೊಡ್ಡ ವಾಹಿನಿಯ ಕದ ತಟ್ಟಿದ್ದು ಆ ಕಾಲಕ್ಕೆ ಹೊಸ ದಾರಿ. ಯೂಟ್ಯೂಬ್ ಹುಟ್ಟಿ ಆಗಿನ್ನೂ ಒಂದೆರಡು ವರ್ಷವಾಗಿತ್ತಷ್ಟೆ.

ಹೆಸರಿನಲ್ಲೇ ರಾಕ್ ಸಂಗೀತದ ಗುರುತಿದೆ. ನ್ಯೂಯಾರ್ಕಿನ ಪಂಕ್ ಬ್ಯಾಂಡ್ ರಮೋನ್ಸ್ 1977ರಲ್ಲಿ ‘ಪಿನ್‌ಹೆಡ್’ ಎಂಬ ಹಾಡಿನಲ್ಲಿ ಬಳಸಿದ ಘೋಷಣೆಯಿಂದ ಬಂದದ್ದು ಈ ‘ಗ್ಯಾಬಾ’. ರಮೋನ್ಸ್ ಅದನ್ನು ಎತ್ತಿಕೊಂಡದ್ದು 1932ರ ‘ಫ್ರೀಕ್ಸ್’ ಸಿನಿಮಾದಿಂದ. ಕಂತು ಶುರುವಾಗುವಾಗ ಕಿತ್ತಳೆ ಬಣ್ಣದ ಉಡುಪು, ಎತ್ತರದ ತುಪ್ಪುಳು ಟೋಪಿ, ದಪ್ಪ ಕನ್ನಡಕದ ಡಿ.ಜೆ. ಲ್ಯಾನ್ಸ್ ರಾಕ್ ಬರುತ್ತಾನೆ. ಕೈಯಲ್ಲೊಂದು ದೊಡ್ಡ ಟೇಪ್‌ರೆಕಾರ್ಡರ್. ಅದರೊಳಗಿಂದ ಐದು ಬೊಂಬೆ ತೆಗೆದಿಟ್ಟರೆ ಅವಕ್ಕೆ ಜೀವ ಬರುತ್ತದೆ: ಒಂಟಿಗಣ್ಣಿನ ಕೆಂಪು ಮೂನೋ, ಗುಲಾಬಿ ಬಣ್ಣದ ಫೂಫಾ, ಪಟ್ಟೆಪಟ್ಟೆಯ ಪುಟ್ಟ ಹಸಿರು ಬ್ರೋಬೀ, ನೀಲಿ ಟೂಡೀ, ಹಳದಿ ರೋಬೋ ಪ್ಲೆಕ್ಸ್. ಲ್ಯಾನ್ಸ್ ಪಾತ್ರ ಮಾಡಿದ ಲ್ಯಾನ್ಸ್ ರಾಬರ್ಟ್‌ಸನ್ ಸೇಂಟ್ ಲೂಯಿಸ್ ನಗರದವ, ‘ದಿ ರೇಮೇಕರ್ಸ್’ ಎಂಬ ಬ್ಯಾಂಡಿನಲ್ಲಿದ್ದವ. ಕಾರ್ಯಕ್ರಮದ ಮುಂದೆ ನಿಂತವನೂ ಹಿಂದೆ ನಿಂತವರೂ ಬ್ಯಾಂಡುಗಳಿಂದಲೇ ಬಂದವರಾದ್ದರಿಂದ, ಇನ್ನೊಂದು ಬ್ಯಾಂಡಿಗೆ ಫೋನು ಮಾಡಿ ಬಾ ಎನ್ನುವುದು ಅವರಿಗೆ ಕಷ್ಟವಾಗಲಿಲ್ಲ.

ಪ್ರತಿ ಕಂತಿಗೂ ಒಂದೇ ವಿಷಯ: ಊಟ, ನಿದ್ದೆ, ಹೆದರಿಕೆ, ಹುಟ್ಟುಹಬ್ಬ, ಕುಟುಂಬ. ನಡುನಡುವೆ ಚಿಕ್ಕ ಚಿಕ್ಕ ಭಾಗಗಳು. 1989ರಲ್ಲಿ ‘ಜಸ್ಟ್ ಎ ಫ್ರೆಂಡ್’ ಹಾಡಿನಿಂದ ಹೆಸರಾಗಿದ್ದ ರ‍್ಯಾಪರ್ ಬಿಜ್ ಮಾರ್ಕಿ ಬಾಯಿಯಿಂದಲೇ ಡ್ರಮ್ಮಿನ ಸದ್ದು ಹೊರಡಿಸುವುದನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದ. ಡಿವೋ ಬ್ಯಾಂಡಿನ ಮಾರ್ಕ್ ಮದರ್ಸ್‌ಬಾ ಚಿತ್ರ ಬರೆಯುವುದನ್ನು ತೋರಿಸುತ್ತಿದ್ದ. ಮದರ್ಸ್‌ಬಾ ಅದಕ್ಕೂ ಮೊದಲೇ ‘ಪೀ-ವೀಸ್ ಪ್ಲೇಹೌಸ್’, ‘ರಗ್‌ರಾಟ್ಸ್’ಗಳಿಗೆ ಸಂಗೀತ ಕೊಟ್ಟವನಾದ್ದರಿಂದ ಮಕ್ಕಳ ಟಿವಿ ಅವನಿಗೆ ಹೊಸದಾಗಿರಲಿಲ್ಲ. ಬ್ಯಾಂಡುಗಳ ಸರದಿ ಬರುತ್ತಿದ್ದದ್ದು ‘ಸೂಪರ್ ಮ್ಯೂಸಿಕ್ ಫ್ರೆಂಡ್ಸ್ ಶೋ’ ಎಂಬ ಭಾಗದಲ್ಲಿ. ಗಾಢ ಬಣ್ಣದ ಹಿನ್ನೆಲೆ, ಸುತ್ತ ಕಾರ್ಟೂನು, ನಡುವೆ ಬ್ಯಾಂಡು, ಒಂದೆರಡು ನಿಮಿಷದ ಹಾಡು. ಕೆಲವು ಬ್ಯಾಂಡುಗಳು ತಾವೇ ಹಾಡು ಬರೆದು ತರುತ್ತಿದ್ದವು, ಕೆಲವಕ್ಕೆ ಕಾರ್ಯಕ್ರಮದ ತಂಡದವರೇ ಬರೆದುಕೊಡುತ್ತಿದ್ದರು.

ಹಾಡುಗಳ ಪಟ್ಟಿ ನೋಡಿದರೆ ಆ ದಶಕದ ಇಂಡೀ ಸಂಗೀತದ ಅಡ್ಡಕೊಯ್ತವೇ ಕಾಣುತ್ತದೆ. ಜಾರ್ಜಿಯಾದ ಅಥೆನ್ಸ್ ಊರಿನ ‘ಆಫ್ ಮಾಂಟ್ರಿಯಲ್’ ತನ್ನ ಸ್ವಂತ ಆಲ್ಬಮ್ಮುಗಳಲ್ಲಿ ಮನೋವೇದನೆ, ಮುರಿದ ಸಂಬಂಧಗಳನ್ನು ಕುಣಿತದ ಲಯದಲ್ಲಿ ಹಾಡುತ್ತಿದ್ದ ಬ್ಯಾಂಡ್. ಅದು ಇಲ್ಲಿ ಹಲ್ಲುಜ್ಜುವ ಹಾಡು ‘ಬ್ರಷ್ ಬ್ರಷ್ ಬ್ರಷ್’ ಹಾಡಿತು. ದಿ ಶಿನ್ಸ್ ಹಾಡಿದ್ದು, ಸೋತರೆ ಪರವಾಗಿಲ್ಲ ಮತ್ತೆ ಪ್ರಯತ್ನಿಸು ಎಂದು ಧೈರ್ಯ ಹೇಳುವ ‘ಇಟ್ಸ್ ಓಕೆ, ಟ್ರೈ ಅಗೇನ್’. ಸ್ವೀಡನ್ನಿನ ‘ಐ ಆಮ್ ಫ್ರಮ್ ಬಾರ್ಸಿಲೋನಾ’ ಸುಮಾರು ಮೂವತ್ತು ಜನರ ದೊಡ್ಡ ಗುಂಪು. ಬೇರೆ ಥರ ಇದ್ದ ಮಾತ್ರಕ್ಕೆ ಯಾವುದೂ ಭಯಂಕರವಲ್ಲ ಎಂಬ ಅದರ ಹಾಡು ಒಟ್ಟಿಗೆ ಕೂಗಿ ಹಾಡುವಂಥದ್ದು. ಕತ್ತಲಿಗೆ ಹೆದರುವ ಮಗುವಿಗೆ ಅಷ್ಟು ದನಿಗಳು ಜೊತೆಗಿರುವುದೇ ಒಂದು ಭರವಸೆ. ಲಾಸ್ ಏಂಜಲೀಸಿನ ರೆಗ್ಗೆ ತಂಡ ಅಗ್ರೊಲೈಟ್ಸ್ ಬಾಳೆಹಣ್ಣಿನ ಮೇಲೆ ಹಾಡಿತು. ಕೆನಡಾದ ಕ್ರೋಮಿಯೋ ಮೈಕೈ ತೊಳೆದು ಶುಚಿಯಾಗಿರುವುದನ್ನು ಸಿಂಥಸೈಜರಿನ ಫಂಕ್ ಮಾಡಿತು. ಅದೇ ದೇಶದ ಹಾಟ್ ಹಾಟ್ ಹೀಟ್ ಮನೆಯಾಚೆ ಆಡಲು ಕರೆಯಿತು. ಬ್ರಿಟನ್ನಿನ ಟಿಂಗ್ ಟಿಂಗ್ಸ್ ಹುಟ್ಟುಹಬ್ಬಕ್ಕೆ, ಎಂಜಿಎಂಟಿ ಚಿತ್ರಕಲೆಗೆ, ಜಿಮ್ಮಿ ಈಟ್ ವರ್ಲ್ಡ್ ಒಳ್ಳೆಯ ದಿನಕ್ಕೆ ಒಂದೊಂದು ಹಾಡು ಕೊಟ್ಟವು.

ಇವುಗಳಲ್ಲಿ ತೂಕದ ಹಾಡು ಯಾವುದೆಂದರೆ, ಫಿಲಡೆಲ್ಫಿಯಾದ ದಿ ರೂಟ್ಸ್ ಹಾಡಿದ ‘ಲವ್ಲಿ, ಲವ್ ಮೈ ಫ್ಯಾಮಿಲಿ’. ಹಿಪ್‌ಹಾಪ್ ಎಂದರೆ ಮಕ್ಕಳ ಕಿವಿಗೆ ಬೀಳಬಾರದ್ದು ಎಂಬ ಭಾವನೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಗಟ್ಟಿಯಾಗಿದ್ದ ಕಾಲವದು. ದಿ ರೂಟ್ಸ್ ಯಂತ್ರದ ತಾಳದ ಬದಲು ನಿಜವಾದ ಡ್ರಮ್ಮು, ಬಾಸ್ ನುಡಿಸುವ ಹಿಪ್‌ಹಾಪ್ ತಂಡ. ಅದೇ ಡ್ರಮ್ಮಿನ ಹದ, ಅದೇ ಬಿಗಿಯನ್ನಿಟ್ಟುಕೊಂಡು ಕುಟುಂಬದ ಮೇಲಿನ ಅಕ್ಕರೆಯನ್ನು ಹಾಡಿತು. ಈ ಹಾಡನ್ನು ಮಕ್ಕಳ ಪಟ್ಟಿಯಿಂದ ತೆಗೆದು ದೊಡ್ಡವರ ಪಟ್ಟಿಗೆ ಸೇರಿಸಿದರೂ ಅಲ್ಲಿ ಸಲೀಸಾಗಿ ನಿಲ್ಲುತ್ತದೆ.

ಜಪಾನಿನ ಸಂಗೀತಗಾರ ಕಾರ್ನೀಲಿಯಸ್‌ನದು ಬೇರೆಯದೇ ಬಗೆ. 1997ರ ‘ಫ್ಯಾಂಟಾಸ್ಮಾ’ ಆಲ್ಬಮ್ಮಿನ ‘ಕೌಂಟ್ ಫೈವ್ ಆರ್ ಸಿಕ್ಸ್’ ಹಾಡಿನಲ್ಲಿ ಅಂಕಿಗಳನ್ನು ಎಣಿಸುವುದು ಮೊದಲೇ ಇತ್ತು. ಪ್ರಯೋಗಶೀಲ ರಾಕ್ ಎಂದು ಕೇಳುತ್ತಿದ್ದ ಆ ಹಾಡು ಈ ಕಾರ್ಯಕ್ರಮಕ್ಕೆ ಬಂದಾಗ ಎಣಿಕೆಯ ಪಾಠವೂ ಆಯಿತು. ಇದೇ ಕಾಲದಲ್ಲಿ, 2008ರಲ್ಲಿ, ಕೆನಡಾದ ಗಾಯಕಿ ಫೈಸ್ಟ್ ತನ್ನ ಜನಪ್ರಿಯ ಪ್ರೇಮಗೀತೆಯ ಮಾತು ಬದಲಿಸಿ ಸೆಸಮೆ ಸ್ಟ್ರೀಟಿನಲ್ಲಿ ನಾಲ್ಕರವರೆಗೆ ಎಣಿಸಲು ಕಲಿಸಿದಳು. ಹಳೆಯ ಕಾರ್ಯಕ್ರಮವೂ ಹೊಸದೂ ಒಂದೇ ಕಡೆ ಹೊರಳುತ್ತಿದ್ದವು.

ಇಂಡೀ ಎಂಬ ಹಣೆಪಟ್ಟಿ ಎಲ್ಲರಿಗೂ ಹೊಂದುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆಫ್ ಮಾಂಟ್ರಿಯಲ್ ಸಣ್ಣ ಪಾಲಿವಿನೈಲ್ ಕಂಪನಿಯಲ್ಲಿ, ದಿ ಶಿನ್ಸ್ ಸಬ್ ಪಾಪ್‌ನಲ್ಲಿ ಆಲ್ಬಮ್ ತಂದವು. ಎಂಜಿಎಂಟಿ ಇದ್ದದ್ದು ಕೊಲಂಬಿಯಾದಂಥ ದೈತ್ಯ ಕಂಪನಿಯಲ್ಲಿ. ಸೀಸನ್ನುಗಳು ಮುಂದುವರಿದಂತೆ ದಿ ಕಿಲ್ಲರ್ಸ್, ವೀಜರ್, ಮೈ ಕೆಮಿಕಲ್ ರೊಮ್ಯಾನ್ಸ್‌ನಂಥ ಕ್ರೀಡಾಂಗಣ ತುಂಬಿಸುವ ಹೆಸರುಗಳೂ ಬಂದವು. ದಿ ಕಿಲ್ಲರ್ಸ್ ಬಾಹ್ಯಾಕಾಶಯಾನದ ಹಾಡು ಹಾಡಿತು. ವೀಜರ್ ತಂಡದವರು ಹುಳುಹುಪ್ಪಟೆಯ ವೇಷ ಹಾಕಿಕೊಂಡು ‘ಆಲ್ ಮೈ ಫ್ರೆಂಡ್ಸ್ ಆರ್ ಇನ್ಸೆಕ್ಟ್ಸ್’ ಹಾಡಿ, ಅದನ್ನು 2010ರ ತಮ್ಮ ‘ಹರ್ಲಿ’ ಆಲ್ಬಮ್ಮಿನ ವಿಶೇಷ ಆವೃತ್ತಿಗೂ ಸೇರಿಸಿದರು. ಸಾವು, ಶೋಕಗಳನ್ನು ಹಾಡಿ ಹದಿಹರೆಯದವರನ್ನು ಸೆಳೆದಿದ್ದ ಮೈ ಕೆಮಿಕಲ್ ರೊಮ್ಯಾನ್ಸ್ 2011ರಲ್ಲಿ ಒಂದೊಂದು ಹಿಮದ ಹರಳೂ ಬೇರೆಬೇರೆ, ನಿನ್ನ ಹಾಗೆಯೇ ಎಂಬ ಭಾವದ ಹಾಡು ಕೊಟ್ಟಿತು. ಮೊದಲ ಸೀಸನ್ನಿನ ಅಪರಿಚಿತ ಮುಖಗಳ ಖುಷಿ ಬೇರೆಯೇ ಆಗಿತ್ತು. ಆದರೂ ದೊಡ್ಡ ಬ್ಯಾಂಡುಗಳು ಕೂಡ ಇಲ್ಲಿ ಬಂದು ಹಳೆಯ ಹಿಟ್ ಒಂದನ್ನು ಹಾಡಿ ಹೋಗದೆ ಮಕ್ಕಳಿಗೆಂದೇ ಕಟ್ಟಿದ ಹಾಡಿಗೆ ದುಡಿದವೆಂಬುದು ಮೆಚ್ಚಬೇಕಾದ ಸಂಗತಿ.

ಅತಿಥಿ ಬ್ಯಾಂಡುಗಳಷ್ಟೇ ಅಲ್ಲ, ಕಾರ್ಯಕ್ರಮದ ಸ್ವಂತ ಹಾಡುಗಳೂ ಮನೆಮಾತಾದವು. ಬ್ರೋಬೀಯ ‘ಪಾರ್ಟಿ ಇನ್ ಮೈ ಟಮ್ಮಿ’ಯಲ್ಲಿ ತಿನ್ನದೆ ಬಿಟ್ಟ ತರಕಾರಿಗಳು ಅಳುತ್ತವೆ, ಹೊಟ್ಟೆಯೊಳಗಿನ ಸಂತೋಷಕೂಟಕ್ಕೆ ತಾವೂ ಬರಬೇಕೆಂದು ಹಠ ಹಿಡಿಯುತ್ತವೆ. ಗೆಳೆಯರನ್ನು ಕಚ್ಚಬಾರದೆಂದು ಹೇಳುವ ಹಾಡಿನಲ್ಲೂ ಬೋಧನೆಗಿಂತ ತಾಳ ಮುಂದೆ. ಸಾಲು ಚಿಕ್ಕದು, ಪುನರಾವರ್ತನೆ ಹೆಚ್ಚು, ಮೈ ಕುಣಿಸುವ ಬಾಸ್. ಎರಡು ವರ್ಷದ ಮಗುವಿಗೂ ನೃತ್ಯಕ್ಲಬ್ಬಿಗೂ ಹೊಂದುವ ಗುಣಗಳು ಇವೇ ಎಂದು ಜೇಕಬ್ಸ್, ಶುಲ್ಟ್ಸ್ ಚೆನ್ನಾಗಿ ಅರಿತಿದ್ದರು.

2009ರಲ್ಲಿ ‘ಮ್ಯೂಸಿಕ್ ಈಸ್ ಆಸಮ್!’ ಎಂಬ ಆಲ್ಬಮ್ ಬಂದು, ಟಿವಿಯ ಹಾಡುಗಳು ಕಾರು, ಅಡುಗೆಮನೆಗಳಿಗೂ ಹೋದವು. ವೇದಿಕೆ ಪ್ರದರ್ಶನಗಳು ಊರೂರು ಸುತ್ತಿದವು. 2010ರಲ್ಲಿ ಬೊಂಬೆಗಳ ಬಳಗ ಕ್ಯಾಲಿಫೋರ್ನಿಯಾದ ಪ್ರಸಿದ್ಧ ಕೊಚೆಲ್ಲಾ ಸಂಗೀತೋತ್ಸವದಲ್ಲೂ ಕುಣಿಯಿತು. ಅದೇ ವರ್ಷ ವೈಲ್ಡ್‌ಬ್ರೇನ್ ಸಂಸ್ಥೆಯನ್ನು ಕೆನಡಾದ ಡಿಎಚ್‌ಎಕ್ಸ್ ಮೀಡಿಯಾ ಕೊಂಡಿತು. ಜೇಕಬ್ಸ್ 2012ರಲ್ಲಿ ತನ್ನ ಬ್ಯಾಂಡನ್ನೇ ನಾಯಕರನ್ನಾಗಿಸಿ ‘ದಿ ಅಕ್ವಾಬ್ಯಾಟ್ಸ್! ಸೂಪರ್ ಶೋ!’ ತಂದ.

ಬಿಜ್ ಮಾರ್ಕಿ 2021ರ ಜುಲೈನಲ್ಲಿ ತೀರಿಕೊಂಡಾಗ, ಅವನ ರ‍್ಯಾಪ್ ಹಾಡುಗಳನ್ನು ಕೇಳದವರೂ ಬಾಯಿತಾಳ ಕಲಿಸಿದ ಆ ದೊಡ್ಡ ಮನುಷ್ಯನನ್ನು ನೆನೆದರು. 2024ರ ಆಗಸ್ಟ್‌ನಲ್ಲಿ ‘ಯೋ ಗ್ಯಾಬಾ ಗ್ಯಾಬಾಲ್ಯಾಂಡ್!’ ಎಂಬ ಹೆಸರಿನಲ್ಲಿ ಕಾರ್ಯಕ್ರಮ ಆ್ಯಪಲ್ ಟಿವಿ ಪ್ಲಸ್‌ಗೆ ಮರಳಿತು. ಲ್ಯಾನ್ಸ್ ಜಾಗಕ್ಕೆ ಕ್ಯಾಮಿ ಕ್ಯಾಮ್ ಎಂಬ ನಿರೂಪಕಿ ಬಂದಳು, ಬೊಂಬೆಗಳು ಅವೇ. ಬಾಸ್ ವಾದಕ ಥಂಡರ್‌ಕ್ಯಾಟ್ ಮೊದಲಾದ ಹೊಸ ಕಾಲದ ಸಂಗೀತಗಾರರು ಅತಿಥಿಗಳಾಗಿ ಬಂದರು. 2025ರ ಏಪ್ರಿಲ್‌ನಲ್ಲಿ ತಂಡ ಮತ್ತೆ ಕೊಚೆಲ್ಲಾ ವೇದಿಕೆ ಏರಿತು. ಮೊದಲ ಕಂತು ಪ್ರಸಾರವಾದಾಗ ಮೂರು ವರ್ಷದವರಾಗಿದ್ದವರಿಗೆ ಆ ಹೊತ್ತಿಗೆ ಇಪ್ಪತ್ತು ದಾಟಿತ್ತು. ಆ ವೇದಿಕೆಯಲ್ಲಿ ವಿಡಂಬನ ಗೀತೆಗಳ ಗಾಯಕ ‘ವಿಯರ್ಡ್ ಆಲ್’ ಯಾಂಕೋವಿಕ್ ಬೊಂಬೆಗಳ ಜೊತೆ ನಿಂತು, ಪಾಲ್ ವಿಲಿಯಮ್ಸ್ ಮತ್ತು ಕೆನೆತ್ ಆ್ಯಶರ್ 1979ರ ‘ದಿ ಮಪೆಟ್ ಮೂವಿ’ಗಾಗಿ ಬರೆದಿದ್ದ ‘ರೇನ್‌ಬೋ ಕನೆಕ್ಷನ್’ ಹಾಡಿದ.